ನನ್ನ ಸಾಡೊ ಉಟ್ಟವಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಪಂಚಾಯತಿನ ಅಧ್ಯಕ್ಷರೇ, ಉಡುಪಿಯಿಂದ ಬಂದು ಆಗಿನಿಂದ ಗಡಿಯಾರ ನೋಡುತ್ತಿರುವ ಮುಖ್ಯ ಅತಿಥಿಗಳೇ, ನಮ್ಮ ಇಗರ್ಜಿಯ ಪೂಜ್ಯ ಫಾದರ್ ಅವರೇ, ಕಾಪುವಿನ ಈ ಸಭಾಭವನವನ್ನು ಹೂವಿನಿಂದ ತುಂಬಿಸಿದ ನಾಗರಿಕ ವೇದಿಕೆಯ ಮಿತ್ರರೇ, ಮತ್ತು ಹೊರಗೆ ಕಾಫಿಯ ಪರಿಮಳ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಜ್ಜನ ಸಭಿಕರೇ, ನಿಮಗೆಲ್ಲರಿಗೂ ವೆರೊನಿಕಾ ಟೀಚರ್ ಮಾಡುವ ವಂದನೆಗಳು.

ನನಗೆ ಎರಡು ಮಾತು ಹೇಳಿ ಎಂದಿದ್ದಾರೆ. ಕಾರ್ಯದರ್ಶಿ ಕ್ಲಾಯ್ಡ್ ಒಂದು ಚೀಟಿಯನ್ನೂ ಬರೆದು ಕೊಟ್ಟಿದ್ದಾನೆ. 'ನನ್ನ ಪತಿ ದಿವಂಗತ ಲಿಯೋನೆಲ್ ಅವರಿಗೆ ಮರಣೋತ್ತರ ಸನ್ಮಾನ ನೀಡಿದ್ದಕ್ಕೆ ನಮ್ಮ ಕುಟುಂಬ ಚಿರಋಣಿ.' ಅಷ್ಟೇ. ಕ್ಲಾಯ್ಡ್, ಮಗಾ, ಅಕ್ಷರ ಚೆನ್ನಾಗಿದೆ, ನಾನೇ ತಿದ್ದಿಸಿದ್ದಲ್ಲವೇ? ಆದರೆ ಚೀಟಿ ನೋಡಿ ಮಾತಾಡುವ ಮಕ್ಕಳ ಕಿವಿ ಹಿಂಡಿದವಳು ನಾನು. ಈ ವಯಸ್ಸಿನಲ್ಲಿ ನನ್ನ ಕಿವಿಯನ್ನು ನಾನೇ ಹಿಂಡಿಕೊಳ್ಳಲು ಆಗುವುದಿಲ್ಲ. ಚೀಟಿ ಪರ್ಸಿನೊಳಗೆ ಇರಲಿ.

ನಿಜ ಹೇಳುತ್ತೇನೆ, ಈಗ ಸನ್ಮಾನ ಪತ್ರ ಓದುವಾಗ ನಾನು ಒಂದೊಂದು ಪದವನ್ನೂ ಕಿವಿಗೊಟ್ಟು ಕೇಳಿದೆ. 'ಆದರ್ಶ ಪತಿ' ಎಂದು ಓದಿದರು, ಇರಲಿ, ಸತ್ತವರ ಬಗ್ಗೆ ಸ್ವಲ್ಪ ಹೆಚ್ಚು ಕಡಿಮೆ ಹೇಳುವುದು ವಾಡಿಕೆ. ಆಮೇಲೆ ಓದಿದರಲ್ಲ, 'ಸರ್ವಧರ್ಮದವರಿಗೂ ತೆರೆದ ಸಾರ್ವಜನಿಕ ರುದ್ರಭೂಮಿಗಾಗಿ ಹೋರಾಡಿ ಅಂತಿಮವಾಗಿ ಜಯ ಗಳಿಸಿದ ಧೀಮಂತ' ಎಂದು! ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ಗರ ಬಡಿದವಳ ಹಾಗೆ ಕುಳಿತಿದ್ದೆ. ಜಯ ಗಳಿಸಿದರೇ? ಯಾವಾಗ? ನನಗೆ ಯಾರೂ ಯಾಕೆ ಹೇಳಲಿಲ್ಲ? ಇವರಿಗೇ ಯಾರೂ ಯಾಕೆ ಹೇಳಲಿಲ್ಲ, ಪಾಪ?

ಇವರು ತೀರಿಕೊಂಡ ಮೇಲೆ ನನಗೆ ಸಿಡಿಲು ಹೊಡೆದಂತಾದದ್ದು ಇದೇ ಮೊದಲಲ್ಲ. ಹಿಂದಿನದನ್ನು ಹೇಳದೆ ಇವತ್ತಿನದು ನಿಮಗೆ ತಿಳಿಯುವುದಿಲ್ಲ, ಅದಕ್ಕಾಗಿ ಸ್ವಲ್ಪ ಉದ್ದ ಮಾತಾಡುತ್ತೇನೆ. ಕೊನೆಗೆ ನಿಮ್ಮಲ್ಲಿ ಒಂದು ಪ್ರಶ್ನೆ ಕೇಳುವುದುಂಟು. ಅದನ್ನು ಈಗಲೇ ಹೇಳಿಬಿಡುತ್ತೇನೆ, ಉತ್ತರ ಯೋಚಿಸುತ್ತಾ ಇರಿ. ನಾಳೆ ನಾನು ಸತ್ತರೆ ನನ್ನನ್ನು ಎಲ್ಲಿ ಹೂಳುತ್ತೀರಿ? ನಗಬೇಡಿ. ನಾನು ತಮಾಷೆಗೆ ಕೇಳಿದ್ದಲ್ಲ.

ನಮ್ಮವರು ಯಾರು ಎಂದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಅವರು ವಕೀಲರಲ್ಲ, ರಾಜಕಾರಣಿಯಲ್ಲ. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದವರು. ಒಂದು ದಿನ ಬೋಟಿನವರು ಕಡಲಲ್ಲಿ ಸತ್ತ ಒಬ್ಬ ಆಂಧ್ರದ ಹುಡುಗನನ್ನು ಬಂದರಿನ ಧಕ್ಕೆಗೆ ತಂದು ಇಳಿಸಿದರು. ಊರಿನಿಂದ ಮನೆಯವರು ಬರಬೇಕು, ಅಷ್ಟರವರೆಗೆ ಇಡುವುದು ಎಲ್ಲಿ? ಮೀನು ಏಲಂ ಆಗುವ ಜಾಗದಲ್ಲಿ ಹೆಣ ಇಟ್ಟರೆ ವ್ಯಾಪಾರ ಕೆಡುತ್ತದೆ ಎಂದು ಎಲ್ಲರೂ ಗೊಣಗಿದರು. ನಮ್ಮವರು ಹೊಸ ಟಾರ್ಪಾಲು ಹಾಸಿ, ಮೀನಿಗೆಂದು ಇದ್ದ ಐಸನ್ನು ಪುಡಿ ಮಾಡಿಸಿ, ಅವನ ಸುತ್ತ ತುಂಬಿಸಿ, ಪಕ್ಕದಲ್ಲಿ ಒಂದು ಕ್ರೇಟು ಕವುಚಿ ಹಾಕಿ ಕುಳಿತರಂತೆ. ಹುಡುಗನ ಅಣ್ಣ ಬಂದು ಮುಖ ನೋಡುವ ತನಕ ಏಳಲಿಲ್ಲ. ಮನೆಗೆ ಬಂದಾಗ ನಾನು ಕೇಳಿದ್ದು ಏನು ಗೊತ್ತೇ? 'ಮೀನು ಎಲ್ಲಿ?' ಎಂದು.

ಅಲ್ಲಿಂದ ಶುರು. ಬೋಟಿನಲ್ಲಿ ದುಡಿದು ಸಂಬಳ ಸಿಗದವರು, ತಪ್ಪಿಲ್ಲದೆ ಠಾಣೆಯಲ್ಲಿ ಕೂಡಿಹಾಕಿಸಿಕೊಂಡವರು, ಭಾಷೆ ಬಾರದೆ ಆಸ್ಪತ್ರೆಯ ಜಗಲಿಯಲ್ಲಿ ಮಲಗಿದವರು, ಎಲ್ಲರಿಗೂ ಇವರ ಫೋನ್ ನಂಬರು ಗೊತ್ತು. ಠಾಣೆಯ ಮೆಟ್ಟಿಲಿನಲ್ಲಿ ಬುತ್ತಿ ಕಟ್ಟಿಕೊಂಡು ಹೋಗಿ ಕೂರುತ್ತಿದ್ದರು. 'ಜೋರು ಮಾತಾಡಬೇಡ ವೆರು, ಕೂತರೆ ಸಾಕು, ಅವರಿಗೇ ನಾಚಿಕೆ ಆಗ್ತದೆ' ಎನ್ನುತ್ತಿದ್ದರು. ಆದರೆ ಅವರಿಗೆ ತಲೆಗೆ ಹತ್ತಿದ ಹುಚ್ಚು ಒಂದೇ, ದಿಕ್ಕಿಲ್ಲದೆ ಸತ್ತವರಿಗೆ ಮಣ್ಣು. ನಾನು ಬೈದರೆ, 'ಬದುಕಿದವನು ತನ್ನ ಹಕ್ಕು ತಾನು ಕೇಳಿಯಾನು. ಸತ್ತವನು ಅರ್ಜಿ ಹೇಗೆ ಕೊಡ್ತಾನೆ, ನೀನೇ ಹೇಳು' ಎಂದು ನನ್ನನ್ನೇ ಕೇಳುವುದು. ಕನ್ನಡ ಕಲಿಸುವ ಟೀಚರ್ ನಾನು, ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅಡುಗೆ ಮನೆಗೆ ಹೋಗಿ ಪಾತ್ರೆ ಬಡಿಯುತ್ತಿದ್ದೆ.

ಮನೆಗೆ ಮಾರಿ, ಊರಿಗೆ ಉಪಕಾರಿ. ಆ ಗಾದೆಯನ್ನು ಮಕ್ಕಳಿಗೆ ಕಲಿಸುವಾಗ ನನಗೆ ಉದಾಹರಣೆ ಹುಡುಕಬೇಕಾಗಿರಲಿಲ್ಲ. ಊಟದ ಹೊತ್ತಿಗೆ ಗುರುತು ಪರಿಚಯವಿಲ್ಲದ ಇಬ್ಬರನ್ನು ಕರೆದುಕೊಂಡು ಬಂದು, 'ಸಾರಿಗೆ ಸ್ವಲ್ಪ ನೀರು ಹಾಕು' ಎನ್ನುವ ಗಂಡನನ್ನು ಆದರ್ಶ ಪತಿ ಎನ್ನುತ್ತೀರಾ? ಬೆಡ್‌ಶೀಟು ಒಣಗಲು ಹಾಕಿದರೆ ಸಂಜೆಗೆ ಹಗ್ಗ ಮಾತ್ರ ಇರುವುದು. ಟವೆಲು, ಕಂಬಳಿ, ನನ್ನ ಹಳೆಯ ಸೀರೆಗಳು, ಎಲ್ಲ ಯಾರ್ಯಾರ ಮೇಲೋ ಮಣ್ಣು ಸೇರಿದವು. ಅದಕ್ಕೇ ನಾನು ಒಂದು ಪೆಟ್ಟಿಗೆಯನ್ನು ಮಾತ್ರ ತೋರಿಸಿ ಹೇಳಿದ್ದೆ, 'ಇದಕ್ಕೆ ಕೈ ಹಾಕಿದರೆ ನೋಡಿ. ನಾನು ನನ್ನ ತವರಿಗೆ ಹೋದವಳು ತಿರುಗಿ ಬರುವುದಿಲ್ಲ.'

ಆ ಪೆಟ್ಟಿಗೆಯಲ್ಲಿ ಇದ್ದದ್ದು ನನ್ನ ಸಾಡೊ. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಗೆ ಗಂಡಿನ ಕಡೆಯವರು ಕೊಡುವ ಕೆಂಪು ಸೀರೆ ಅದು. ಮದುವೆಯಲ್ಲಿ ಉಟ್ಟು, ಆಮೇಲೆ ದೊಡ್ಡ ಹಬ್ಬಕ್ಕೋ ಮಕ್ಕಳ ನಾಮಕರಣಕ್ಕೋ ಉಟ್ಟು, ಮಡಿಸಿ ಇಟ್ಟುಬಿಡುವುದು. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ ಉಂಟು. ಸೊಸೆಯಾಗಿ ಬಂದವಳು ಹೋಗುವಾಗಲೂ ಅದನ್ನೇ ಉಟ್ಟು ಹೋಗಬೇಕು. ನನ್ನ ಅತ್ತೆ ಬರ್ತಾಬಾಯಿ ಹಾಗೆಯೇ ಹೋದರು, ನಾನೇ ನೆರಿಗೆ ಹಿಡಿದು ಉಡಿಸಿದ್ದೆ. ನನ್ನದನ್ನೂ ನುಸಿಗುಳಿಗೆ ಹಾಕಿ, ಪ್ರತಿ ವರ್ಷ ನೆರಳಿನಲ್ಲಿ ಒಣಗಿಸಿ ಇಟ್ಟಿದ್ದೆ. ನೋಡಿ, ಸಾಯುವ ದಿನದ ಬಟ್ಟೆಯನ್ನು ಇಷ್ಟು ಪ್ರೀತಿಯಿಂದ ಒಣಗಿಸುವವರು ಬೇರೆ ಯಾರಾದರೂ ಇದ್ದಾರೆಯೇ? ಗೊತ್ತಿಲ್ಲ. ನನಗೆ ಅದೊಂದು ಸಮಾಧಾನ. ಉಡಲು ಸೀರೆ ಉಂಟು, ಮಲಗಲು ಜಾಗ ಉಂಟು. ಜಾಗ ಎಂದರೆ ಇಗರ್ಜಿಯ ಸಿಮೆತ್ರಿಯಲ್ಲಿ ನಮ್ಮ ಮಾವ ಬಹಳ ಹಿಂದೆ ಕೊಂಡಿಟ್ಟ ಕುಟುಂಬದ ಕಾಯಂ ಸಮಾಧಿ. ಒಂದೇ ಗುಂಡಿಯಲ್ಲಿ ಒಬ್ಬರ ಮೇಲೊಬ್ಬರು, ಮಾವ, ಅತ್ತೆ, ಆಮೇಲೆ ಇವರು, ಆಮೇಲೆ ನಾನು. ಬಸ್ಸಿನಲ್ಲಿ ಟವೆಲು ಹಾಕಿ ಸೀಟು ಹಿಡಿದ ಹಾಗೆ ನಾನು ನಿಶ್ಚಿಂತೆಯಾಗಿದ್ದೆ.

ಮೊನ್ನೆ ಮಳೆಗಾಲದ ಕೊನೆಯಲ್ಲಿ ಇವರಿಗೆ ಎದೆನೋವು ಬಂತು. ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಆಂಬುಲೆನ್ಸ್ ಬಿಟ್ಟದ್ದು ನಮ್ಮ ಪಕ್ಕದ ಮನೆಯ ಇರ್ಫಾನ್. ಇವರೊಟ್ಟಿಗೆ ಎಷ್ಟೋ ಹೆಣ ಸಾಗಿಸಿದ ಹುಡುಗ, ಅವತ್ತು ಸ್ಟಿಯರಿಂಗ್ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇವರು ಮಲಗಿದಲ್ಲಿಂದಲೇ, 'ನೀನು ರಸ್ತೆ ನೋಡು ಮಾರಾಯ' ಎಂದರು. ಅದೇ ಕೊನೆಯ ಮಾತು. ಇಷ್ಟು ವರ್ಷ ಸಂಸಾರ ಮಾಡಿದ್ದು ನಾನು, ಕೊನೆಯ ಮಾತು ಇರ್ಫಾನನಿಗೆ.

ಮನೆಯಲ್ಲಿ ಜನ ತುಂಬಿದ್ದರು. ಸಂಜೆ ಹೊತ್ತು, ನಾನು ಅಡುಗೆ ಮನೆಯ ಹಿಂದಿನ ಬಾಗಿಲಿನಲ್ಲಿ ನೀರು ಕುಡಿಯುತ್ತಾ ನಿಂತಿದ್ದೆ. ಸಿಮೆತ್ರಿಯಲ್ಲಿ ಗುಂಡಿ ತೆಗೆಯುವ ಸ್ಟ್ಯಾನಿಸ್ಲಾಸ್ ಬಂದ. ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

'ಬಾಯೇ, ಗುಂಡಿ ತೆಗೆಯುವ ಮೊದಲು ನಿಮ್ಮಲ್ಲಿ ಒಂದು ಮಾತು ಹೇಳ್ಬೇಕು. ಒಳಗೆ ಜನ ಉಂಟು.'

'ಉಂಟಲ್ಲ. ಮಾವ ಇದ್ದಾರೆ, ಅತ್ತೆ ಇದ್ದಾರೆ. ನಿನಗೆ ಗೊತ್ತಿಲ್ಲವಾ?'

'ಅವರಲ್ಲ ಬಾಯೇ. ಮತ್ತೊಬ್ಬರು. ಹೆಂಗಸು. ಕೊರೊನಾದ ವರ್ಷ ಲಿಯೋನೆಲ್ ಮಾಮನೇ ಇಟ್ಟದ್ದು. ನಿಮಗೆ ತಾನೇ ಹೇಳ್ತೇನೆ ಅಂದಿದ್ರು. ಹೇಳ್ಲಿಲ್ವಾ?'

 ಸಭಿಕರೇ, ಗಂಡ ಸತ್ತ ದುಃಖ ಎಂಥದ್ದು ಎಂದು ನಿಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಆದರೆ ಗಂಡನ ಹೆಣ ಚಾವಡಿಯಲ್ಲಿರುವಾಗ, ನಿಮ್ಮ ಸಮಾಧಿಯಲ್ಲಿ ಇನ್ನೊಬ್ಬಳು ಮಲಗಿದ್ದಾಳೆ ಎಂದು ಕೇಳಿದ ಹೆಂಗಸು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಅಳು ನಿಂತೇ ಹೋಯಿತು. ನಾನು ಒಳಗೆ ಹೋಗಿ ಇವರ ಮುಖ ನೋಡಿದೆ. ಏನೂ ತಿಳಿಯದವರ ಹಾಗೆ ಕಣ್ಣು ಮುಚ್ಚಿ ಮಲಗಿದ್ದರು. ಎಬ್ಬಿಸಿ ಕೇಳುವ ಹಾಗಿಲ್ಲ. ಬೈಯುವ ಹಾಗಿಲ್ಲ. ಸುತ್ತ ಜನ ಜಪಮಾಲೆ ಹೇಳುತ್ತಿದ್ದಾರೆ. ಅಯ್ಯೋ ದೇವರೇ, ಆ ಸಂಜೆ ಹೇಗೆ ಕಳೆಯಿತೋ ನನಗೆ ಗೊತ್ತಿಲ್ಲ.

ಮರುದಿನ ಚಪ್ಪಡಿ ಎತ್ತಿದರು. ಅವಳ ಪೆಟ್ಟಿಗೆ ಒಳಗೆ ಕಾಣುತ್ತಿತ್ತು. ಮರ ಕಪ್ಪಾಗಿತ್ತು, ಆದರೆ ಪೆಟ್ಟಿಗೆ ಪೆಟ್ಟಿಗೆಯಾಗಿಯೇ ಇತ್ತು. ಹೊಸ ಫಾದರ್, ಅಂದರೆ ಇಲ್ಲಿ ಕುಳಿತಿದ್ದೀರಲ್ಲ, ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ. ಕಾಯಲು ಸಮಯವಿಲ್ಲ. ಅವಳ ಮೇಲೆಯೇ ಇವರನ್ನು ಇಳಿಸಿದರು. ಕೈಯಲ್ಲಿ ಮೊಂಬತ್ತಿ ಹಿಡಿದ ಇಡೀ ಊರು ಇಣುಕಿ ನೋಡಿತು. ಪ್ರಾರ್ಥನೆಗಿಂತ ಪಿಸುಮಾತು ಜೋರಾಗಿತ್ತು. 'ಯಾರಂತೆ? ವೆರೊನಿಕಾ ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗಿದ್ದಾಗ ಅಂತೆ!' ಸಿಂಥಿಯಾ, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಬೇಡಿ. ನೀವು ನನ್ನ ಹಿಂದೆಯೇ ನಿಂತಿದ್ದಿರಿ, ನನಗೆ ಕೇಳಿಸಿತ್ತು. ನಾನೇನೂ ಬೇಸರ ಮಾಡಿಕೊಂಡಿಲ್ಲ. ನಿಮಗಿಂತ ಕೆಟ್ಟದ್ದನ್ನು ನಾನೇ ಯೋಚಿಸಿದ್ದೆ.

ಹೌದು, ಯೋಚಿಸಿದ್ದೆ. ಸುಳ್ಳು ಯಾಕೆ ಹೇಳಲಿ? ಆ ವರ್ಷ ಮಗಳು ಮೆಲಿಷಾಳ ಬಾಣಂತನಕ್ಕೆಂದು ಹೋದವಳು, ವಿಮಾನ ನಿಂತು ಅಲ್ಲಿಯೇ ಸಿಕ್ಕಿಬಿದ್ದೆ. ದಿನಾ ಫೋನಿನಲ್ಲಿ 'ಊಟ ಆಯಿತಾ' ಎಂದರೆ 'ಆಯಿತು' ಎನ್ನುತ್ತಿದ್ದರು. ಯಾರು ಬೇಯಿಸಿ ಹಾಕಿದರು ಎಂದು ನಾನು ಕೇಳಿರಲಿಲ್ಲ. ಈಗ ಎಲ್ಲವೂ ನೆನಪಾಗತೊಡಗಿತು. 

ತಿಂಗಳ ಪೂಜೆ ಮುಗಿಯಿತು. ಮೆಲಿಷಾ ಮಸ್ಕತ್ತಿಗೆ ಹೊರಡುವವಳಿದ್ದಳು. ನಾನು ಅವಳನ್ನು ಕರೆದು, 'ಬಾ, ನನ್ನ ಸಾಡೊ ಎಲ್ಲಿದೆ ಎಂದು ನೋಡಿಕೋ, ನಾಳೆ ನನಗೆ ಉಡಿಸಬೇಕಾದವಳು ನೀನು' ಎಂದು ಪೆಟ್ಟಿಗೆ ತೆರೆದೆ. ಮಸ್ಕತ್ತಿನಿಂದ ಬಂದ ಮೇಲೆ ಒಣಗಿಸುವ ಅಭ್ಯಾಸ ತಪ್ಪಿತ್ತು, ಅದನ್ನು ತೆರೆದದ್ದು ಅವತ್ತೇ ಮೊದಲು. ಒಳಗೆ ನುಸಿಗುಳಿಗೆ ಮಾತ್ರ ಇತ್ತು. ಅಮ್ಮ ಮಗಳು ಮುಖ ಮುಖ ನೋಡಿಕೊಂಡೆವು.  ಆಗ ನಾನು ಕೂಗಿದ್ದು ಒಂದೇ ಮಾತು, 'ಆಸ್ಯಾ!'

ಆಸ್ಯಾ ನಮ್ಮ ಪಕ್ಕದ ಮನೆಯವಳು, ಇರ್ಫಾನನ ಅಮ್ಮ. ಅಗೋ, ಮೂರನೆಯ ಸಾಲಿನಲ್ಲಿ ಕುಳಿತು ನೆಲ ನೋಡುತ್ತಿದ್ದಾಳೆ. ಕ್ರಿಸ್ಮಸ್ಸಿಗೆ ನಮ್ಮ ಕುಸ್ವಾರ್ ತಿಂಡಿ ಅಲ್ಲಿಗೆ, ಅವರ ಪೆರ್ನಾಳ್ ಹಬ್ಬಕ್ಕೆ ಅವಳ ಬಿರಿಯಾನಿ ಪಾತ್ರೆ ಇಲ್ಲಿಗೆ, ಬೇಲಿಯ ಮೇಲಿಂದಲೇ ದಾಟುವುದು. ನಾನು ಕೂಗಿದ ದನಿ ಕೇಳಿಯೇ ಅವಳಿಗೆ ಗೊತ್ತಾಗಿತ್ತು. ಬಂದವಳು ಪೆಟ್ಟಿಗೆ ನೋಡಿದಳು, ಬಾಗಿಲಿನಲ್ಲೇ ಕುಳಿತಳು.

'ನನಗೆ ಬಯ್ಯಬೇಡಿ ಟೀಚರೇ. ನಾನು ಬೇಡ ಹೇಳಿದ್ದೆ. ಹಳೆಯದು ಯಾವುದಾದ್ರೂ ಕೊಡಿ, ಮಣ್ಣಿಗೆ ಹೋಗುದಲ್ವಾ ಹೇಳಿದ್ದೆ. ಅವರು ಕೇಳ್ಲಿಲ್ಲ.'

ಆಮೇಲೆ ಅವಳು ಹೇಳಿದ್ದನ್ನು ನಾನು ನಿಮಗೆ ಹೇಳುತ್ತೇನೆ. ಕಾರ್ಕಳದ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಜ್ವರದಲ್ಲಿ ಬಿದ್ದಿದ್ದಾಳೆ ಎಂದು ಇವರಿಗೆ ಫೋನ್ ಬಂತು. ಲಾಕ್‌ಡೌನ್ ಆಗಿ ಎಲ್ಲವೂ ಮುಚ್ಚಿದ್ದ ಸಮಯ. ಎಲ್ಲಿಗೋ ಕೂಲಿಗೆ ಬಂದ ತಂಡ ಊರಿಗೆ ಹೋಗಿತ್ತು, ಇವಳೊಬ್ಬಳು ಹಿಂದೆ ಉಳಿದಿದ್ದಳು. ಒಡಿಯಾವೋ ಬಂಗಾಳಿಯೋ, ಆಡುವ ಮಾತು ಯಾರಿಗೂ ತಿಳಿಯದು. ಇರ್ಫಾನನೂ ಇವರೂ ಉಡುಪಿಗೆ ತಂದು ಆಸ್ಪತ್ರೆಗೆ ಸೇರಿಸಿದರು. ಉಳಿಯಲಿಲ್ಲ. ಕೊರೊನಾ ಅಲ್ಲ ಎಂದು ಡಾಕ್ಟರು ಹೇಳಿದರೂ ಜನರಿಗೆ ನಂಬಿಕೆ ಬೇಕಲ್ಲ! ಪೊಲೀಸರು ಕಾಯುವಷ್ಟು ಕಾದು, ಇವರ ಕೈಗೆ ಒಪ್ಪಿಸಿದರು. ಕೈಯಲ್ಲಿ ಗಾಜಿನ ಬಳೆ, ಕತ್ತಿನಲ್ಲಿ ಒಂದು ಕಪ್ಪು ದಾರ. ದಾರದಲ್ಲಿ ಶಿಲುಬೆಯಿಲ್ಲ, ತಾಯತವಿಲ್ಲ, ತಾಳಿಯಿಲ್ಲ. ಯಾವ ದೇವರಿಗೆ ಸೇರಿದವಳು ಎಂದು ಹೇಗೆ ಹೇಳುವುದು?

ಒಂದು ಕಡೆ ಸ್ಮಶಾನಕ್ಕೆ ಮಳೆನೀರು ನುಗ್ಗಿತ್ತು. ಇನ್ನೊಂದು ಕಡೆ ರಸ್ತೆಗೆ ತೆಂಗಿನ ಮರ ಅಡ್ಡ ಹಾಕಿ ಜನ ನಿಂತಿದ್ದರು. ಹೋದಲ್ಲೆಲ್ಲ ಒಂದೇ ಪ್ರಶ್ನೆಯಂತೆ. 'ಇವಳು ನಿಮ್ಮವಳಾ?' ಅಲ್ಲ ಎಂದರೆ, 'ಹಾಗಾದ್ರೆ ಇಲ್ಲಿಗೆ ಯಾಕೆ ತಂದದ್ದು?' ಇನ್ನೊಂದು ಜಾಗವೂ ಇತ್ತು, ಅಲ್ಲಿಗೂ ಹೋದರು. ಆ ಜಾಗದ ವಿಷಯ ಆಮೇಲೆ ಹೇಳುತ್ತೇನೆ, ಅಧ್ಯಕ್ಷರೇ, ನೀರು ಕುಡಿಯಿರಿ.

ಕೊನೆಗೆ ಆಂಬುಲೆನ್ಸನ್ನು ನಮ್ಮ ಮನೆಯ ಅಂಗಳಕ್ಕೇ ತಂದರು. ಹೆಣ್ಣು ಜೀವ, ಗಂಡಸರು ಮುಟ್ಟಬಾರದು ಎಂದು ಆಸ್ಯಾಳನ್ನು ಕರೆದರು. ಅವಳು ತನ್ನವರಿಗೆ ಮಾಡುವ ಹಾಗೆಯೇ ಮರೆ ಕಟ್ಟಿ, ಬಿಸಿನೀರು ಕಾಯಿಸಿ ಮೀಯಿಸಿದಳು. ಆಸ್ಪತ್ರೆಯ ಹಚ್ಚಡ ಬಿಟ್ಟರೆ ಮೈಮೇಲೆ ಏನೂ ಇಲ್ಲ. ಉಡಿಸಲು ಏನಾದರೂ ಕೊಡಿ ಎಂದಾಗ ಇವರು ಒಳಗೆ ಹೋದರು. ತಿರುಗಿ ಬರುವಾಗ ಕೈಯಲ್ಲಿ ನನ್ನ ಸಾಡೊ.

'ಇದು ಟೀಚರಿನ ಮದುವೆ ಸೀರೆ ಅಲ್ವಾ?' ಎಂದು ಆಸ್ಯಾ ಕೇಳಿದಳಂತೆ.

'ಹೌದು. ಇವಳ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಹೋಗುವಾಗಲೂ ಯಾರದ್ದೋ ಹರಿದದ್ದು ಉಟ್ಟು ಹೋಗ್ಬೇಕಾ ಆಸ್ಯಾ? ನೀನು ಉಡಿಸು. ವೆರು ಬರಲಿ, ನಾನೇ ಹೇಳ್ತೇನೆ. ನಾಲ್ಕು ದಿನ ಬೈತಾಳೆ, ಆಮೇಲೆ ಅವಳೇ ಸರಿ ಆಗ್ತಾಳೆ.'

ಆಗಿದ್ದ ಹಿರಿಯ ಫಾದರ್ ಈಗ ಬೇರೆ ಊರಿಗೆ ವರ್ಗವಾಗಿ ಹೋಗಿದ್ದಾರೆ. ಅವರೂ ಸಿಮೆತ್ರಿಯ ಗೇಟಿನಲ್ಲಿ ಅದೇ ಪ್ರಶ್ನೆ ಕೇಳಿದರಂತೆ, 'ಲಿಯೋನೆಲ್, ಇವಳು ನಿಮ್ಮವಳಾ?' ಇವರು, 'ಹೌದು ಫಾದರ್, ನಮ್ಮ ಮನೆಯವಳು. ನಮ್ಮ ಗುಂಡಿಯಲ್ಲೇ ಇಡ್ತೇವೆ' ಎಂದರಂತೆ. ಕೆಂಪು ಸಾಡೊ ಉಟ್ಟ ಹೆಂಗಸನ್ನು ನೋಡಿ ಫಾದರ್ ಮತ್ತೆ ಏನೂ ಕೇಳಲಿಲ್ಲ. ಮಳೆಯಲ್ಲೇ ನಿಂತು ಪ್ರಾರ್ಥನೆ ಹೇಳಿದರು. ಆಸ್ಯಾ ಮನೆಗೆ ಹೋಗಿ ತನ್ನ ಪ್ರಾರ್ಥನೆಯನ್ನೂ ಹೇಳಿದಳು. ಸತ್ತವಳ ದೇವರು ಯಾರೋ, ಇಬ್ಬರಲ್ಲಿ ಒಬ್ಬರಿಗಾದರೂ ಕೇಳಿಸಿರಬಹುದು.

 ನಾನು ಊಹಿಸಿದ್ದು ಏನು, ಆದದ್ದು ಏನು! ಸಮಾಧಾನ ಆಯಿತೇ ಎಂದು ಕೇಳುತ್ತೀರಾ? ಇಲ್ಲ. ಇನ್ನೂ ಕೋಪ ಬಂತು. ಯಾಕೆ ಹೇಳಲಿಲ್ಲ? ಠಾಣೆಯಲ್ಲಿ ಕೂರಲು ಹೆದರದ ಮನುಷ್ಯ, ಹೆಂಡತಿಗೆ ಒಂದು ಮಾತು ಹೇಳಲು ಹೆದರಿದರೇ? ಆಮೇಲೆ ನೆನಪಾಯಿತು. ನಾನು ಮಸ್ಕತ್ತಿನಿಂದ ಬಂದ ಮೇಲೆ ಎಷ್ಟೋ ಆದಿತ್ಯವಾರ ಪೂಜೆ ಮುಗಿಸಿ ಬರುವಾಗ, 'ವೆರು, ನಿನ್ನಲ್ಲಿ ಒಂದು ವಿಷಯ ಹೇಳ್ಲಿಕ್ಕುಂಟು' ಎಂದು ಶುರು ಮಾಡುವುದು. ನಾನು, 'ಮೊದಲು ಮೀನು ತನ್ನಿ, ತಡವಾದರೆ ಬೂತಾಯಿ ಖಾಲಿಯಾಗುತ್ತದೆ' ಎನ್ನುವುದು. ಅವರು ಚೀಲ ಹಿಡಿದು ಹೋಗುವುದು. ಬೂತಾಯಿ ತಿಂದು ನಾವಿಬ್ಬರೂ ಮಲಗುವುದು.

ಈಗ ನನ್ನ ಮಗ ಕಾರ್ಲ್‌ನ ವಿಷಯ. ಒಳ್ಳೆಯ ಹುಡುಗ, ಕುವೈತಿನಲ್ಲಿದ್ದಾನೆ, ಅಪ್ಪನ ಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನು ಫೋನ್ ಮಾಡಿ ಹೇಳಿದ, 'ಮಮ್ಮಿ, ಎರಡು ಮೂರು ವರ್ಷ ಹೋಗಲಿ. ಆಮೇಲೆ ತೆರೆಸಿ ಆ ಹೆಂಗಸಿನದ್ದನ್ನು ತೆಗೆಸುವ. ಡ್ಯಾಡಿಯೊಟ್ಟಿಗೆ ಇರ್ಬೇಕಾದದ್ದು ನೀನು. ಯಾರೋ ಒಬ್ಬಳಲ್ಲ.' ಅವನ ಮಾತಿನಲ್ಲಿ ತಪ್ಪಿಲ್ಲ. ನಾನೂ ಅಮ್ಮನಾಗಿ ಯೋಚಿಸಿದರೆ ಅದೇ ಸರಿ. ಆದರೆ ತೆಗೆಸಿ ಎಲ್ಲಿಗೆ ಹಾಕುವುದು ಎಂದು ಕೇಳಿದೆ.  ಬದುಕಿದ್ದಾಗ ಬಸ್ ನಿಲ್ದಾಣದಲ್ಲಿ ಬಿಟ್ಟು ಹೋದರು. ಸತ್ತ ಮೇಲೆ ಗೇಟು ಗೇಟಿನಿಂದ ಓಡಿಸಿದರು. ಕೊನೆಗೊಂದು ಕಡೆ ಮಲಗಿದ್ದಾಳೆ. ಅಲ್ಲಿಂದಲೂ ಎಬ್ಬಿಸಲು ನಾನು ಹೋಗಬೇಕೇ? ನನ್ನ ಸೀರೆ ಉಟ್ಟವಳನ್ನು ನಾನು ಹೇಗೆ ಎಬ್ಬಿಸಲಿ?

ಆದ್ದರಿಂದ ಕಳೆದ ಶನಿವಾರ ಸ್ಟ್ಯಾನಿಸ್ಲಾಸನ ಹತ್ತಿರ ಹೇಳಿ ಮೇಸ್ತ್ರಿಯನ್ನು ಕರೆಸಿದೆ. ಚಪ್ಪಡಿಯ ಸುತ್ತ ಸಿಮೆಂಟು ತುಂಬಿಸಿಬಿಟ್ಟೆ. ಇನ್ನು ಯಾರೂ ತೆರೆಯುವ ಹಾಗಿಲ್ಲ, ನನಗಾಗಿಯೂ ಇಲ್ಲ. ಫಾದರ್, ನಿಮ್ಮ ಅಪ್ಪಣೆ ಕೇಳಿದ್ದೆ. ನೀವು ತಲೆ ಕೆರೆದುಕೊಂಡಿರಿ, ಬೇಡ ಎನ್ನಲಿಲ್ಲ, ನಾನು ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆ. ಕಲ್ಲಿನ ಮೇಲೆ ಮಾವನ ಹೆಸರು, ಅತ್ತೆಯ ಹೆಸರು, ಲಿಯೋನೆಲ್ ಹೆಸರು ಕೆತ್ತಿಸಿದೆ. ಕೆಳಗೆ, 'ಮತ್ತು ನಮ್ಮ ಮನೆಯ ಒಬ್ಬಳು' ಎಂದು ಬರೆಸಿದೆ. ಸಿಂಥಿಯಾ, ನಾಳೆ ಹೋಗಿ ಓದಿಕೊಳ್ಳಿ.

ನನಗೆ ಇಗರ್ಜಿಯವರು ಬೇರೆ ಕಡೆ ಸಾಲಿನಲ್ಲಿ ಒಂದು ಗುಂಡಿ ಕೊಡುತ್ತಾರೆ. ಫಾದರ್ ಮಾತು ಕೊಟ್ಟಿದ್ದಾರೆ, ಅವರಿಗೆ ನಾನು ಋಣಿ. ಆದರೆ ನನಗೆ ಅದು ಬೇಡ. ನನಗೆ ಬೇಕಾದ ಜಾಗ ಬೇರೆ ಉಂಟು. ಅದೇ, ನಾನು ಆಗ ಹೇಳದೆ ಉಳಿಸಿಕೊಂಡ ಜಾಗ.

ಸನ್ಮಾನ್ಯ ಅಧ್ಯಕ್ಷರೇ, ಪುರಂದರ, ನೀನು ಮೂರನೆಯ ಕ್ಲಾಸಿನಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಕುಳಿತವನು. ಏಕವಚನಕ್ಕೆ ಕ್ಷಮೆ ಇರಲಿ, ನಾಲಿಗೆಗೆ ಅಭ್ಯಾಸವಾಗಿದೆ. ಸಾರ್ವಜನಿಕ ರುದ್ರಭೂಮಿಗೆ ಸರಕಾರ ಜಾಗ ಕೊಟ್ಟು ಎಷ್ಟೋ ಕಾಲವಾಯಿತು. ಇವರು ಓಡಾಡಿ ಚಪ್ಪಲಿ ಸವೆಸಿ ಅಳತೆ ಮಾಡಿಸಿದರು, ಗಡಿಕಲ್ಲು ಹಾಕಿಸಿದರು, ಬೋರ್ಡು ನೆಡಿಸಿದರು. ಕಬ್ಬಿಣದ ಗೇಟು ನಮ್ಮ ಪಂಚಾಯತು ಹಾಕಿತು, ಬೀಗವೂ ಪಂಚಾಯತಿನದ್ದೇ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಿನಗೆ ನಾನು ಕಲಿಸಿದ್ದು ಗಾದೆಯಾಗಿ, ನೀನು ಅದನ್ನು ಕೆಲಸವಾಗಿ ಮಾಡಬೇಕೆಂದಲ್ಲ. ಆ ಹೆಂಗಸನ್ನು ಇವರು ಎಲ್ಲ ಕಡೆಗಿಂತ ಮೊದಲು ಕರೆದುಕೊಂಡು ಹೋದದ್ದು ಅಲ್ಲಿಗೇ. ಬೀಗ ಕಂಡು ನಿನಗೆ ಫೋನ್ ಮಾಡಿದರು. ಇರ್ಫಾನ್ ಪಕ್ಕದಲ್ಲಿಯೇ ಇದ್ದ. 'ಈಗ ಬೇಡ ಲಿಯೋನೆಲ್ ಮಾಮ, ಜನ ಒಪ್ಪುದಿಲ್ಲ. ಸ್ವಲ್ಪ ದಿನ ಹೋಗಲಿ' ಎಂದೆಯಂತೆ ನೀನು.

ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಗೇಟು ತೆರೆಯುವುದೇ ಇಲ್ಲ ಎಂದಲ್ಲ. ಕಳೆದ ತಿಂಗಳು ತೆರೆದಿತ್ತು, ಅಂಡರ್ ಆರ್ಮ್ ಕ್ರಿಕೆಟ್ಟಿಗೆ. ಲೈಟು ಹಾಕಿ, ಮೈಕ್ ಕಟ್ಟಿ, ಅಧ್ಯಕ್ಷರ ಟ್ರೋಫಿ! ನೀನೇ ಕೈಯಾರೆ ಕಪ್ ಕೊಟ್ಟೆ. ಸತ್ತವರಿಗೆ ತೆರೆಯದ ಗೇಟು ಸಿಕ್ಸರ್ ಹೊಡೆಯುವವರಿಗೆ ತೆರೆಯಿತು. ಇವತ್ತು ಅದೇ ಕೈಯಿಂದ ಇವರ ಫೋಟೋಕ್ಕೆ ಹಾರ ಹಾಕಿದೆ. 'ಹೋರಾಡಿ ಜಯ ಗಳಿಸಿದ' ಎಂದು ಓದುವಾಗ ನೀನೂ ಚಪ್ಪಾಳೆ ತಟ್ಟಿದೆ. ನಾನು ನೋಡುತ್ತಾ ಇದ್ದೆ. ಪುರಂದರ, ನೀನು ಕೆಟ್ಟ ಹುಡುಗನಲ್ಲ. ಶಾಲೆಯಲ್ಲಿ ಬುತ್ತಿ ತಾರದವನಿಗೆ ನಿನ್ನ ಬುತ್ತಿಯ ಅರ್ಧ ಕೊಡುತ್ತಿದ್ದವನು. ಯಾವಾಗ ಹೀಗಾದೆ, ನನಗೆ ತಿಳಿಯಲಿಲ್ಲ.

ಇವರು ಹೇಳುತ್ತಿದ್ದ ಮಾತು ನಿಮಗೆ ಹೇಳಿದೆನಲ್ಲ, ಸತ್ತವನು ಅರ್ಜಿ ಹೇಗೆ ಕೊಡುತ್ತಾನೆ ಎಂದು. ಉತ್ತರ ನನಗೆ ಇವತ್ತು ಹೊಳೆಯಿತು. ಸಾಯುವ ಮೊದಲೇ ಕೊಡಬೇಕು. ಈ ಸಭೆಯ ಎದುರು, ಬಾಯಿಮಾತಿನಲ್ಲಿ, ಇದೇ ನನ್ನ ಅರ್ಜಿ. ನಾನು ಸತ್ತರೆ ನನ್ನನ್ನು ಆ ಗೇಟಿನೊಳಗೆ ಹೂಳಬೇಕು. ಫಾದರ್ ಅಲ್ಲಿಗೇ ಬಂದು ಮಣ್ಣಿಗೆ ತೀರ್ಥ ಹಾಕುತ್ತಾರೆ. ಇಲ್ಲ ಎಂದು ತಲೆ ಆಡಿಸಬೇಡಿ ಫಾದರ್, ಈಗ ಜನ ನೋಡುತ್ತಿದ್ದಾರೆ. ಟೀಚರ್ ಅಲ್ಲಿ ಮಲಗಿದ ಮೇಲೆ ಇನ್ನೊಬ್ಬ ದಿಕ್ಕಿಲ್ಲದವನನ್ನು ತಂದರೆ ಗೇಟು ಹಾಕಲು ಯಾರಿಗೆ ಧೈರ್ಯ ಬರುತ್ತದೆ, ನೋಡುತ್ತೇನೆ. ಅಥವಾ ನೋಡುವುದಿಲ್ಲ, ನೀವು ನೋಡಿ ಹೇಳಿ.

ನನಗೆ ಈಗ ವಯಸ್ಸಾಯಿತು, ಬಿಪಿ ಉಂಟು, ಶುಗರ್ ಉಂಟು. ಸ್ವಲ್ಪ ದಿನ ಹೋಗಲಿ ಎಂದು ನನಗೂ ಹೇಳಬೇಡ.

ನಾಗರಿಕ ವೇದಿಕೆಯವರಿಗೆ, ಹೂವು ತಂದವರಿಗೆ, ಮೈಕಿನವನಿಗೆ, ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೇಳಿದ ನಿಮಗೆಲ್ಲರಿಗೂ ಧನ್ಯವಾದ. ಕ್ಲಾಯ್ಡ್, ನಿನ್ನ ಚೀಟಿಯಲ್ಲಿದ್ದ ಮಾತನ್ನೂ ಹೇಳಿದ ಹಾಗಾಯಿತು. ಸನ್ಮಾನ ಪತ್ರವನ್ನು ನೀವೇ ಇಟ್ಟುಕೊಳ್ಳಿ, ಅದರಲ್ಲಿ ಬರೆದದ್ದು ನಿಜವಾದ ದಿನ ಮನೆಗೆ ತಂದುಕೊಡಿ, ಗೋಡೆಗೆ ಹಾಕುತ್ತೇನೆ. ಆದರೆ ಈ ಶಾಲನ್ನು ನಾನು ವಾಪಸು ಕೊಡುವುದಿಲ್ಲ. ಕೆಂಪು ಬಣ್ಣ, ಜರಿಯ ಅಂಚು, ಒಳ್ಳೆಯದನ್ನೇ ತಂದಿದ್ದೀರಿ. ನನ್ನ ಸಾಡೊ ಹೋಯಿತಲ್ಲ, ನನಗೂ ಹೊದೆದುಕೊಂಡು ಹೋಗಲು ಒಂದು ಬೇಕು. ನುಸಿಗುಳಿಗೆ ಹಾಕಿ ಅದೇ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಬಟ್ಟೆ ಆಯಿತು, ಪುರಂದರ. ಬೀಗದ ಕೈ ನಿನ್ನ ಹತ್ತಿರ ಉಂಟು.

ಎಲ್ಲರಿಗೂ ನಮಸ್ಕಾರ.